ವಾರ್ನಿಷ್ ನಡೆದ ದಿಕ್ಕು

ಮರಗೆಲಸದ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ವಾರ್ನಿಷ್ ಬಳಿದು ಎಲ್ಲರಿಗೂ ದೊಡ್ಡಮ್ಮನಾದವಳಿಗೆ ಈಚೆಗೆ ಹಲಗೆಗಳೇ ಎದುರು ಮಾತಾಡುತ್ತಿದ್ದವು. ಬೆಳಿಗ್ಗೆ ಸಮನಾಗಿ ಬಳಿದಿಟ್ಟ ಹಲಗೆ ಮಧ್ಯಾಹ್ನ ಒಣಗುವಷ್ಟರಲ್ಲಿ ಒಂದು ಅಂಚಿಗೆ ದಪ್ಪ, ಇನ್ನೊಂದಕ್ಕೆ ತೆಳು. ಒಂದೇ ತಿಂಗಳಲ್ಲಿ ನಾಲ್ಕು ಹಾಳಾದವು.

ಕಾರ್ಖಾನೆಯ ಯಜಮಾನಿ ಅವಳ ಸ್ವಂತ ತಂಗಿಯ ಮಗಳು. ದೊಡ್ಡಮ್ಮನ ಕೈಯಲ್ಲಿ ಚಹಾದ ಲೋಟ ನಡುಗುವುದನ್ನು ಅವಳೂ ನೋಡಿದ್ದಳು.

“ದೊಡ್ಡಮ್ಮ, ಬೇಜಾರ್ ಮಾಡ್ಕೋಬೇಡ. ಸೋಮವಾರದಿಂದ ಬೇರೆಯವರು ಬಳೀಲಿ. ನೀನು ನೋಡ್ಕೊಂಡಿದ್ರೆ ಸಾಕು.”

“ಸುಮ್ನೆ ನೋಡ್ತಾ ಇರೋಕೆ ನಾನೇನು ಗೋಡೆ ಮೇಲಿನ ಫೋಟೋನಾ?”

ಮಾತೇನೋ ಹಾರಿಸಿದಳು. ಆದರೆ ಕುಂಚ ಬಿಟ್ಟರೆ ತನಗೆ ಉಳಿಯುವುದೇನು? ನೆಲವೇ ಓರೆಯಾಗಿದೆಯೇನೋ ಎಂದು ಅವಳಿಗೆ ಅನುಮಾನವಿತ್ತು, ಹೇಳಲು ನಾಚಿಕೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಎಲ್ಲರೂ ನಗುವುದಿಲ್ಲವೇ? ಯಾರಿಗೂ ಕಾಣದ ಹಾಗೆ ಮೇಜಿನ ಮೇಲೆ ಮಟ್ಟ ನೋಡುವ ಸ್ಪಿರಿಟ್ ಲೆವೆಲ್ ಇಟ್ಟು ನೋಡಿದಳು. ಗುಳ್ಳೆ ನಟ್ಟನಡುವೆ ನಿಂತಿತು; ಡೊಂಕೇನೂ ಇರಲಿಲ್ಲ.

ಶನಿವಾರ ಕೊನೆಯ ಹಲಗೆಗೆ ಕೈ ಹಾಕುವಾಗ ಒಂದು ವಿಷಯ ಹೊಳೆಯಿತು. ಹಲಗೆಯನ್ನು ಹೇಗೆ ತಿರುಗಿಸಿಟ್ಟರೂ, ಯಾವ ಕಡೆ ನಿಂತು ಬಳಿದರೂ ದಪ್ಪವಾಗುತ್ತಿದ್ದದ್ದು ಗೋಡೆಯ ಕಡೆಯ ಅಂಚೇ. ಗೋಡೆಯಾಚೆ ಇದ್ದದ್ದು ಹೋದ ತಿಂಗಳು ಬಂದ, ಮರ ಹೆರೆಯುವ ಹೊಸ ಯಂತ್ರ.

ಅವಳು ಮೇಜಿನ ಮೇಲೊಂದು ಗಾಜು ಇಟ್ಟು, ಅದರ ಮೇಲೆ ಒಂದು ಹನಿ ಎಣ್ಣೆ ಬಿಟ್ಟು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ತಂಗಿಯ ಮಗಳನ್ನು ಕೂಗಿದಳು. ಆಚೆ ಯಂತ್ರ ಗುಂಯ್‌ಗುಡುತ್ತಿತ್ತು. ಹನಿ ತೆಳ್ಳಗೆ ಹರಡಿ, ಬಸವನಹುಳುವಿನ ಹಾಗೆ ಮೆಲ್ಲಗೆ ಗೋಡೆಯ ಕಡೆ ಹೊರಟಿತು.

“ಯಂತ್ರದ ನಡುಕ ಆ ಕಡೆಯಿಂದ ಬಂದ್ರೆ ಎಣ್ಣೆ ಈ ಕಡೆ ಓಡ್ಬೇಕಲ್ವಾ?” ಎಂದಳು ತಂಗಿಯ ಮಗಳು.

“ಚಿಕ್ಕೋಳಿದ್ದಾಗ ನೀನೂ ಬೈದೋರ ಮಡಿಲಿಗೇ ಓಡಿ ಬರ್ತಿದ್ದೆ. ಮೊದ್ಲು ಯಂತ್ರ ನಿಲ್ಸು.”

ಯಂತ್ರ ನಿಂತಿತು. ಹನಿಯೂ ನಿಂತಿತು.

“ನೆಲ ಡೊಂಕಲ್ಲ ಕಣೇ,” ಎಂದಳು ದೊಡ್ಡಮ್ಮ. “ನೆಲಾನೇ ಕುಣೀತಿದೆ.”

ತಂಗಿಯ ಮಗಳು ಕುಂಚ ತಂದು ಅವಳ ಕೈಗಿಟ್ಟಳು. ಬಳಿದ ಹಲಗೆ ಒಣಗುವ ತನಕ ಯಂತ್ರಕ್ಕೆ ರಜೆ. ಸಂಜೆ ನೋಡಿದರೆ ವಾರ್ನಿಷ್ ಅಂಚಿನಿಂದ ಅಂಚಿಗೆ ಒಂದೇ ಸಮ ಕೂತಿತ್ತು. ದೊಡ್ಡಮ್ಮನ ಕಣ್ಣು ತುಂಬಿತು.

ಅಂದು ಚಹಾ ತಂದವಳು ತಂಗಿಯ ಮಗಳೇ. ದೊಡ್ಡಮ್ಮನ ಕೈಯಲ್ಲಿ ಲೋಟ ಎಂದಿನಂತೆ ನಡುಗಿತು, ಆದರೆ ಒಂದು ತೊಟ್ಟೂ ಚೆಲ್ಲಲಿಲ್ಲ. ತಂಗಿಯ ಮಗಳು ಅದನ್ನು ಅರ್ಧ ಮಾತ್ರ ತುಂಬಿದ್ದಳು.