ನನ್ನ ಕೇಳದೆ ಅಪ್‌ಡೇಟ್ ಮಾಡ್ಬೇಡ

ಬೋಗಾದಿಯ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸುವ ಎಷ್ಟೋ ಜನ ತಮ್ಮ ಮನೆಯನ್ನು ಮೊದಲು ನೋಡುವುದು ರಕ್ಷಿತಾಳ ಕಂಪ್ಯೂಟರಿನಲ್ಲಿ. ಪಾಯ ತೋಡುವ ಮುಂಚೆಯೇ ಬಾಲ್ಕನಿಗೆ ಗಾಜು ಹಾಕಿದರೆ ಹೇಗೆ, ಗೋಡೆಗೆ ಈ ಬಣ್ಣ ಹೊಡೆದರೆ ಹೇಗೆ ಎಂಬುದನ್ನು ಅವಳು ಫೋಟೋ ತೆಗೆದಷ್ಟು ನಿಜವಾಗಿ ಬಿಡಿಸಿ ತೋರಿಸುತ್ತಿದ್ದಳು. ಮನೆಯ ಮುಂದಿನ ಕೋಣೆಯೇ ಅವಳ ಆಫೀಸು. ಒಳಗೆ ತಾಯಿ ಪ್ರೇಮಲೀಲಾ.

ಆ ಕಂಪ್ಯೂಟರನ್ನು ಎರಡು ವರ್ಷದ ಹಿಂದೆ ಜೋಡಿಸಿಕೊಟ್ಟವನು ಶಿವಕಿರಣ್. ಪಾಲಿಟೆಕ್ನಿಕ್‌ನಲ್ಲಿ ಅವಳ ಜೊತೆ ಓದಿದವನು, ಈಗ ಅರಸು ರಸ್ತೆಯ ಹಿಂದೆ ಸಣ್ಣ ಕಂಪ್ಯೂಟರ್ ಅಂಗಡಿ ಇಟ್ಟಿದ್ದ. ರಕ್ಷಿತಾಳ ತಂದೆ ಆಸ್ಪತ್ರೆಯಲ್ಲಿದ್ದ ಹನ್ನೊಂದು ದಿನ ಔಷಧಿ ಚೀಟಿ ಹಿಡಿದು ಓಡಾಡಿದವನು. ತಿಂಗಳಿಗೊಮ್ಮೆ ಈ ಕಡೆ ಬಂದರೆ ಪ್ರೇಮಲೀಲಾ ಕೈಯ ಕಾಫಿ ಕುಡಿದು, ಕಂಪ್ಯೂಟರನ್ನು ಒಮ್ಮೆ ತಾನೇ ನೋಡಿ, "ಏನೇ ಕೇಳಿದ್ರೂ ಅಪ್‌ಡೇಟ್ ಮಾತ್ರ ಒತ್ಬೇಡ ಕಣೇ. ನನ್ನ ಕೇಳದೆ ಮಾಡ್ಬೇಡ," ಎಂದು ಹೇಳಿ ಹೋಗುತ್ತಿದ್ದ. ಇಷ್ಟು ಕಾಳಜಿ ಮಾಡುವವರು ಯಾರಿದ್ದಾರೆ ಎಂದುಕೊಳ್ಳುತ್ತಿದ್ದಳು ರಕ್ಷಿತಾ. ಮದುವೆ ಆಲ್ಬಮ್ ವಿನ್ಯಾಸ ಮಾಡುವ ಪವಿತ್ರ ಎಂಬ ಗೆಳತಿ ಒಳ್ಳೆಯ ಕಂಪ್ಯೂಟರ್ ಬೇಕೆಂದಾಗ, ಎರಡನೇ ಮಾತಿಲ್ಲದೆ ಶಿವಕಿರಣನ ನಂಬರು ಕೊಟ್ಟಿದ್ದಳು.

ಈ ಸಲ ಮಾತ್ರ ಕೇಳಲಾಗಲಿಲ್ಲ. ಅವಳು ಮನೆಗಳನ್ನು ಬಿಡಿಸುವ ಸಾಫ್ಟ್‌ವೇರ್ ಹಳೆಯ ವಿಂಡೋಸ್‌ನಲ್ಲಿ ಇನ್ನು ನಡೆಯುವುದಿಲ್ಲ ಎಂದಿತು. ಶಿವಕಿರಣ್ ಮನೆಯವರೊಂದಿಗೆ ಮಾದಪ್ಪನ ಬೆಟ್ಟಕ್ಕೆ ಹೋಗಿದ್ದ, ಫೋನು ಸಿಗಲಿಲ್ಲ. ಮರಿಸ್ವಾಮಿ ಎಂಬ ಗಿರಾಕಿಗೆ ಆ ವಾರವೇ ಮನೆಯ ಚಿತ್ರ ಕೊಡಬೇಕಿತ್ತು. ಅಪ್‌ಡೇಟ್ ಆಗದಂತೆ ಶಿವಕಿರಣ್ ಹಾಕಿಟ್ಟಿದ್ದ ತಡೆಯನ್ನು ಅಂತರ್ಜಾಲದಲ್ಲಿ ಓದಿಕೊಂಡು ತೆಗೆದಳು. ಬೆಳಗ್ಗೆ ತಿಂಡಿಗೆ ಮುಂಚೆ ಶುರುವಾದದ್ದು ಹತ್ತೂವರೆಗೆ ಮುಗಿಯಿತು.

ಪರದೆ ಬೆಳಗಿತು. ಆದರೆ ಎಲ್ಲವೂ ದಪ್ಪದಪ್ಪವಾಗಿತ್ತು, ಅಕ್ಷರಗಳು ಅಗಲಕ್ಕೆ ಎಳೆದಂತೆ ಕಂಡವು. ಮರಿಸ್ವಾಮಿಯ ಮನೆ ತೆರೆಯಲೇ ಇಲ್ಲ.

ರಕ್ಷಿತಾ ಹೆದರುವವಳಲ್ಲ. ಚಿತ್ರಗಳನ್ನು ಪರದೆಗೆ ತರುವ ಗ್ರಾಫಿಕ್ಸ್ ಕಾರ್ಡಿನ ಹೆಸರು ಹುಡುಕಿ, ಅದನ್ನು ತಯಾರಿಸಿದವರ ಜಾಲತಾಣದಿಂದಲೇ ಅದನ್ನು ನಡೆಸುವ ಹೊಸ ಡ್ರೈವರ್ ತಂತ್ರಾಂಶ ಇಳಿಸಿ ಹಾಕಿದಳು. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಅದೇ ದಪ್ಪ ಅಕ್ಷರಕ್ಕೆ ಬಂತು. ಸೇಫ್ ಮೋಡ್‌ಗೆ ಹೋಗಿ ಹಳೆಯದರ ಕುರುಹೂ ಇಲ್ಲದಂತೆ ಅಳಿಸಿ ಮತ್ತೆ ಹಾಕಿದಳು. ಕಾರ್ಡಿನ ಹೆಸರಿನ ಪಕ್ಕ ಹಳದಿ ಗುರುತು ಬಿತ್ತು. ಈ ಸಾಧನ ತನ್ನಲ್ಲಿ ತೊಂದರೆ ಇದೆ ಎಂದು ಹೇಳಿದ್ದರಿಂದ ನಿಲ್ಲಿಸಲಾಗಿದೆ ಎಂಬ ಒಂದೇ ಸಾಲು. ಎರಡು ದಿನ ಇದೇ ಆಯಿತು. ಅಪ್‌ಡೇಟನ್ನೇ ಬೈದಳು. ಶಿವಕಿರಣನ ಮಾತು ಮೀರಿದೆನಲ್ಲ ಎಂದು ತನ್ನನ್ನೂ ಬೈದುಕೊಂಡಳು.

ಮೂರನೇ ದಿನ ಸಿಪಿಯು ಡಬ್ಬವನ್ನು ಆಟೋದಲ್ಲಿ ಇಟ್ಟುಕೊಂಡು ಶ್ರೀರಾಂಪುರಕ್ಕೆ, ಕೆಂಪಯ್ಯನವರ ಮನೆಗೆ ಹೋದಳು. ಪಾಲಿಟೆಕ್ನಿಕ್‌ನ ಲ್ಯಾಬಿನಲ್ಲಿ ಇಪ್ಪತ್ತೆಂಟು ವರ್ಷ ಇದ್ದು ನಿವೃತ್ತರಾದವರು. ಅವಳಿಗೂ ಶಿವಕಿರಣನಿಗೂ ಕಂಪ್ಯೂಟರ್ ಬಿಚ್ಚಲು ಕಲಿಸಿದವರು ಅವರೇ.

ಕೆಂಪಯ್ಯ ಅವಳು ಹೇಳಿದ್ದನ್ನೆಲ್ಲ ಕೇಳಿದರು. ಆಮೇಲೆ ಪೆನ್‌ಡ್ರೈವಿನಿಂದ ಒಂದು ಸಣ್ಣ ಪ್ರೋಗ್ರಾಮ್ ಓಡಿಸಿ ಪರದೆ ನೋಡಿದರು.

"ಈ ಕಾರ್ಡು ಯಾರ್ ಕೊಟ್ಟಿದ್ದಮ್ಮ?"

"ಶಿವಕಿರಣ್, ಸಾರ್. ಯಾಕೆ?"

ಅವರು ಪರದೆಯನ್ನು ಅವಳ ಕಡೆ ತಿರುಗಿಸಿದರು. ಕಾರ್ಡಿನ ಹೆಸರಿನ ಹಿಂದೆ 'ಫೇಕ್' ಎಂದು ಬಂದಿತ್ತು.

"ಪ್ರೋಗ್ರಾಮ್ ತಪ್ಪು ಹೇಳಿರಬಹುದಲ್ವಾ ಸಾರ್?"

"ಬಿಚ್ಚೇ ನೋಡ್ಬುಡಣ ಬುಡು."

ಕಾರ್ಡನ್ನು ಹೊರಗೆಳೆದು ಫ್ಯಾನಿನ ನಾಲ್ಕು ಸ್ಕ್ರೂ ಬಿಚ್ಚಿದರು. ಚಿಪ್ಪಿನ ಮೇಲೆ ಒಣಗಿ ಹೋಗಿದ್ದ ಬೂದು ಬಣ್ಣದ ಪೇಸ್ಟನ್ನು ಹತ್ತಿಯಿಂದ ಒರೆಸಿ, ಭೂತಗನ್ನಡಿ ಅವಳ ಕೈಗೆ ಕೊಟ್ಟರು. "ಓದು."

ಅವಳು ಓದಿದಳು. ಕಾರ್ಡು ಬಂದಿದ್ದ ಪೆಟ್ಟಿಗೆಯ ಮೇಲಿದ್ದ ಹೆಸರಿಗೂ ಚಿಪ್ಪಿನ ಮೇಲಿದ್ದ ಅಕ್ಷರಗಳಿಗೂ ಸಂಬಂಧವೇ ಇರಲಿಲ್ಲ. ಕೊನೆಯ ಸಾಲಿನಲ್ಲಿ ತಯಾರಾದ ವರ್ಷದ ಎರಡಂಕಿ ಇತ್ತು: ಹನ್ನೊಂದು.

"ನೀನು ಕಾಲೇಜಿಗೆ ಸೇರೋಕೂ ಮುಂಚಿನ ಚಿಪ್ಪಿದು," ಎಂದರು ಕೆಂಪಯ್ಯ. "ಅದರೊಳಗೆ ಹೊಸ ಕಾರ್ಡಿನ ಹೆಸರು ಬರ್ದವ್ರೆ. ಆ ಸುಳ್ಳು ಹೆಸರನ್ನ ಒಪ್ಕೊಳೋ ಅಂಗೆ ಒಂದು ಡ್ರೈವರನ್ನೂ ತಿದ್ದವ್ರೆ. ಅಪ್‌ಡೇಟ್ ಬಂದು ಆ ತಿದ್ದಿದ್ದನ್ನ ಕಿತ್ತಾಕ್ತು. ಅಸಲಿ ಡ್ರೈವರ್ ಚಿಪ್ ನೋಡಿ, ಇದು ಅದಲ್ಲ ಅಂತ ಕೈಬುಡ್ತು. ಅಪ್‌ಡೇಟ್‌ದೇನೂ ತಪ್ಪಿಲ್ಲ ಕಣಮ್ಮ."

ರಕ್ಷಿತಾ ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟಳು.

"ಅವನಿಗೂ ಯಾರಾದರೂ ಮೋಸ ಮಾಡಿರಬಹುದು," ಎಂದಳು.

"ಇರ್ಬೋದು. ಕೇಳು. ಕೇಳದೆ ಯಾರ ಮೇಲೂ ಹೊರಿಸ್ಬೇಡ." ಅವರು ಆ ಕಾರ್ಡಿಲ್ಲದೆಯೇ ಪರದೆಯ ವೈರನ್ನು ನೇರವಾಗಿ ಮದರ್‌ಬೋರ್ಡಿಗೆ ಸಿಕ್ಕಿಸಿದರು. ಅಕ್ಷರಗಳು ಸರಿಯಾದವು. "ನಿಧಾನ ಆಯ್ತದೆ. ಆದ್ರೂ ಮರಿಸ್ವಾಮಿ ಮನೆ ಮುಗಿಸ್ಬೋದು."

ಮಾರನೆಯ ದಿನ ಹನ್ನೊಂದು ಗಂಟೆಗೆ ಅವಳು ಅಂಗಡಿಗೆ ಹೋದಳು. ದಾರಿಯುದ್ದಕ್ಕೂ ಅವನಿಗೂ ಮೋಸವಾಗಿರಲಿ ಎಂದೇ ಬಯಸುತ್ತಿದ್ದಳು. ಬೆಟ್ಟದಿಂದ ಬಂದಿದ್ದ ಶಿವಕಿರಣನ ಹಣೆಯಲ್ಲಿ ಇನ್ನೂ ವಿಭೂತಿ ಇತ್ತು. ಅವಳು ಕಾರ್ಡನ್ನು ಕೌಂಟರಿನ ಗಾಜಿನ ಮೇಲಿಟ್ಟಳು, ಫ್ಯಾನು ಬೇರೆ, ಚಿಪ್ಪು ಮೇಲೆ ಕಾಣುವಂತೆ.

ಅವನು ನೋಡಿದ. ಆಶ್ಚರ್ಯಪಡಲಿಲ್ಲ. ಅಷ್ಟರಲ್ಲೇ ಅವಳಿಗೆ ಉತ್ತರ ಸಿಕ್ಕಿಬಿಟ್ಟಿತು.

"ಅಪ್‌ಡೇಟ್ ಮಾಡ್ಬುಟ್ಯಾ?" ಎಂದ.

"ನಿನಗೆ ಗೊತ್ತಿತ್ತಾ?"

"ಆಗ ಕಾರ್ಡೇ ಸಿಗ್ತಿರ್ಲಿಲ್ಲ ಕಣೇ. ಅಂಗಡಿ ಮುಚ್ಚೋ ಸ್ಥಿತಿ. ಬೆಂಗಳೂರಿಂದ ಒಬ್ಬ ಒಂದಿಷ್ಟು ಕೊಟ್ಟ. ತಗೊಂಡ್ಮೇಲೆ ಗೊತ್ತಾಯ್ತು."

"ಗೊತ್ತಾದ್ಮೇಲೆ ನಂಗೆ ಕೊಟ್ಟೆ."

"ಎರಡು ವರ್ಷ ನಿನ್ನ ಕೆಲ್ಸ ನಿಂತಿತ್ತಾ? ಏನಾದ್ರೂ ಆದ್ರೆ ನಾನೇ ಬಂದು ನೋಡ್ತಿರ್ಲಿಲ್ವಾ?"

"ಅದಕ್ಕೇ ಬರ್ತಿದ್ಯಾ ತಿಂಗ್ಳುತಿಂಗ್ಳು?"

ಅವನು ಗಾಜನ್ನು ಬಟ್ಟೆಯಿಂದ ಒರೆಸತೊಡಗಿದ. ತನ್ನನ್ನು ಸಮರ್ಥಿಸಿಕೊಳ್ಳುವ ಅವಸರದಲ್ಲಿ, ಹೇಳಬಾರದ್ದನ್ನು ಹೇಳಿದ. "ಬೇರೆ ಗಿರಾಕಿಗಳಾದ್ರೆ ಬಿಚ್ಚಿ ನೋಡ್ತಾರೆ, ಇನ್ನೊಂದು ಅಂಗಡಿಲಿ ತೋರಿಸ್ತಾರೆ. ನೀನು ಹಂಗ್ ಮಾಡಲ್ಲ ಅಂತ ಗೊತ್ತಿತ್ತು."

ಗೆಳತಿ ಎಂದು ಗೊತ್ತಿದ್ದೂ ಕೊಟ್ಟಿರಬಹುದೇ ಎಂಬುದೇ ರಕ್ಷಿತಾಳನ್ನು ರಾತ್ರಿಯೆಲ್ಲ ಕೊರೆದಿತ್ತು. ಗೆಳತಿಯಾದದ್ದರಿಂದಲೇ ಕೊಟ್ಟದ್ದು ಎಂಬುದು ಈಗ ತಿಳಿಯಿತು.

"ಪವಿತ್ರ ಅವರ್ಗೂ ಇದೇನಾ?"

ಅವನು ಕಾರ್ಡನ್ನು ಮಗುಚಿ ಹಾಕಿದ.

"ಅವರಿಗೆ ನೀನೇ ಹೇಳು. ಇವತ್ತೇ."

"ಹೇಳ್ತೀನಿ. ನಿಂಗೂ ಹೊಸ ಕಾರ್ಡ್ ತರಿಸ್ಕೊಡ್ತೀನಿ."

"ಮೊದಲು ಅವರಿಗೆ," ಎಂದು ಹೊರಬಂದಳು.

ಮನೆಯಲ್ಲಿ ಪ್ರೇಮಲೀಲಾ ಎಲ್ಲ ಕೇಳಿ, ಬಿಡಿಸುತ್ತಿದ್ದ ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದರು. "ನಿಮ್ಮಪ್ಪಂಗೆ ಔಷಧಿಗೆ ಓಡಾಡಿದ ಹುಡುಗ ಕಣೇ ಅವನು. ಅವನೇ ಹೀಗೆ ಮಾಡ್ದ ಅಂದ್ರೆ..."

"ಅದನ್ನ ಮಾಡಿದ್ದೂ ಅವನೇ ಅಮ್ಮ. ಇದನ್ನ ಮಾಡಿದ್ದೂ ಅವನೇ."

ತಾಯಿ ಮತ್ತೆ ಮೊರ ಎಳೆದುಕೊಂಡರು, ಆದರೆ ಕಾಯಿ ಬಿಡಿಸಲಿಲ್ಲ.

ಎರಡು ದಿನದ ಮೇಲೆ ರಕ್ಷಿತಾ ಪವಿತ್ರಳಿಗೆ ಫೋನ್ ಮಾಡಿದಳು, ಶಿವಕಿರಣ್ ಹೇಳಿದನೇ ಎಂದು ತಿಳಿಯಲು.

"ಫೋನ್ ಮಾಡಿದ್ರು ಕಣ್ರೀ," ಎಂದಳು ಪವಿತ್ರ ಸಂತೋಷದಿಂದ. "ಈಗ ಬಂದಿರೋ ಅಪ್‌ಡೇಟ್ ಸರಿ ಇಲ್ವಂತೆ, ಯಾವ ಕಾರಣಕ್ಕೂ ಹಾಕ್ಬೇಡಿ ಅಂದ್ರು. ಅವರಾಗೇ ನೆನಪಿಟ್ಕೊಂಡು ಮಾಡಿದ್ರಲ್ಲ. ಒಳ್ಳೆಯವರನ್ನ ತೋರಿಸ್ಕೊಟ್ರಿ ನೀವು."

ರಕ್ಷಿತಾ ಎಲ್ಲವನ್ನೂ ಹೇಳಿದಳು.

"ನಿಮಗೆ ಮೊದ್ಲೇ ಗೊತ್ತಿರ್ಲಿಲ್ಲ ಅಂತೀರಾ?" ಎಂದು ಪವಿತ್ರ ಕೇಳಿದಳು. ದನಿ ಬದಲಾಗಿತ್ತು. "ನೀವು ಹೇಳಿದ್ರಿ ಅಂತ ತಾನೇ ನಾನು ಬೇರೆ ಕಡೆ ವಿಚಾರಿಸ್ಲೇ ಇಲ್ಲ."

"ಗೊತ್ತಿರ್ಲಿಲ್ಲ. ನೀವು ನನ್ನ ಮಾತೂ ನಂಬ್ಬೇಡಿ. ಕೆಂಪಯ್ಯ ಸಾರ್ ಹತ್ರ ಬಿಚ್ಚಿಸಿ ನೋಡಿ."

ಶನಿವಾರ ಇಬ್ಬರೂ ಶ್ರೀರಾಂಪುರಕ್ಕೆ ಹೋದರು, ಬೇರೆ ಬೇರೆ ಗಾಡಿಯಲ್ಲಿ. ಕೆಂಪಯ್ಯ ಕಾರ್ಡು ಬಿಚ್ಚಿ ಪೇಸ್ಟು ಒರೆಸಿದರು. ಪವಿತ್ರ ತಾನೇ ಓದಿದಳು. ಕಾಫಿ ಬಂದರೂ ಮುಟ್ಟಲಿಲ್ಲ. ಹೊರಡುವಾಗ ರಕ್ಷಿತಾ ಡಬ್ಬ ಹಿಡಿಯಲು ಕೈ ಚಾಚಿದರೆ, "ಬೇಡ ಬಿಡಿ, ನಾನೇ ಹಿಡ್ಕೋತೀನಿ," ಎಂದಳು.

ಆ ದಿನ ಅಲ್ಲಿಂದಲೇ ರಕ್ಷಿತಾ ಶಿವಕಿರಣನಿಗೆ ಮೆಸೇಜ್ ಕಳಿಸಿದಳು: ಪವಿತ್ರ ನೋಡಿದ್ದಾರೆ, ಇನ್ನು ಮುಚ್ಚಿಡಬೇಡ. ವಾರದೊಳಗೆ ಪವಿತ್ರಳಿಗೆ ಹೊಸ ಕಾರ್ಡು ಹೋಯಿತು. ರಕ್ಷಿತಾಳಿಗೆ ಕಳಿಸಿದ್ದನ್ನು ಅವಳು ತೆಗೆದುಕೊಳ್ಳಲಿಲ್ಲ. ಬಾಗಿಲಲ್ಲೇ ಹಿಂದಕ್ಕೆ ಕಳಿಸಿದಳು.

ಮರಿಸ್ವಾಮಿಯ ಮನೆಯ ಚಿತ್ರ ನಾಲ್ಕು ದಿನ ತಡವಾಗಿ ಮುಗಿಯಿತು. ಅವರು ಬಂದು ನೋಡಿ, ಮೆಟ್ಟಿಲು ಎಡಕ್ಕಿದ್ದರೆ ಚೆನ್ನ ಎಂದರು. ರಕ್ಷಿತಾ ಮೆಟ್ಟಿಲನ್ನು ಎಡಕ್ಕೆ ಸರಿಸಿದಳು. ಕಂಪ್ಯೂಟರು ನಿಧಾನವಾಗಿ, ತಡೆತಡೆದು, ಮನೆಯನ್ನು ಮತ್ತೆ ಬಿಡಿಸತೊಡಗಿತು. ಇಬ್ಬರೂ ಕಾಯುತ್ತಾ ಕುಳಿತರು.