ಎರಡನೇ ಬಂದೂಕು

ಹನ್ನೊಂದು ವರ್ಷದ ನೌಕರಿಯಲ್ಲಿ ಕುರಾಮೋಚಿ ಸಭೆಯಲ್ಲಿ ಬಾಯಿ ಬಿಟ್ಟದ್ದು ಒಂದೇ ಸಲ. ಆಟದಂಗಡಿಗಳಲ್ಲಿ ಕಾಸು ಹಾಕಿ, ಪರದೆಗೆ ಬಂದೂಕು ಹಿಡಿದು ಆಡುವ ಆಟವೊಂದನ್ನು ಮನೆಯ ಟಿವಿಗೆ ಇಳಿಸುವ ಕೆಲಸ ಅವನು ದುಡಿಯುತ್ತಿದ್ದ ಒಸಾಕಾದ ಪುಟ್ಟ ಕಂಪನಿಗೆ ಬಂದಿತ್ತು. "ಮನೇಲಿ ಎರಡೆರಡು ಬಂದೂಕು ಯಾರು ಕೊಳ್ತಾರೆ? ಇಬ್ಬರ ಆಟ ತೆಗೆದುಬಿಡಿ" ಎಂದರು ಕೆಲಸ ಕೊಟ್ಟವರು. ಕುರಾಮೋಚಿ ಎದ್ದು ನಿಂತ. "ಅದನ್ನ ತೆಗೆದ್ರೆ ಇದು ಆ ಆಟಾನೇ ಅಲ್ಲ" ಎಂದವನೇ ಕಿವಿಯವರೆಗೆ ಕೆಂಪಾಗಿ ಕೂತುಬಿಟ್ಟ. ಹಾಗಾದರೆ ಮಾಡಿ ತೋರಿಸಿ ಎಂದರು.

ಈ ಹಟಕ್ಕೆ ಕಾರಣ ಪಕ್ಕದ ಮೇಜಿನ ಇಬುಕಿ. ಮಧ್ಯಾಹ್ನ ಇಬ್ಬರೂ ನಿಂತಲ್ಲೇ ಉದೋನ್ ಶಾವಿಗೆ ಹೀರಿ, ನಿಲ್ದಾಣದ ಬಳಿಯ ಆಟದಂಗಡಿಗೆ ಓಡುತ್ತಿದ್ದರು. ಪರದೆಯ ಎಡಗಡೆಯ ಕಳ್ಳರು ಇಬುಕಿಗೆ, ಬಲಗಡೆಯವರು ಇವನಿಗೆ. ಅದರಾಚೆ ಮಾತೇ ಇರಲಿಲ್ಲ, ಬೇಕೂ ಆಗಿರಲಿಲ್ಲ. ಏಪ್ರಿಲ್‌ನಲ್ಲಿ ಇಬುಕಿ ಕೆಲಸ ಬಿಟ್ಟು ಮಾವನ ಅಂಗಡಿ ನೋಡಿಕೊಳ್ಳಲು ತೊತ್ತೋರಿಗೆ ಹೋದ. ಕಚೇರಿಯಲ್ಲಿ ಇನ್ನೂ ಏಳು ಜನ ಇದ್ದರು. ಕುರಾಮೋಚಿಯ ಪಾಲಿಗೆ ಯಾರೂ ಇರಲಿಲ್ಲ.

ಇಬ್ಬರ ಆಟವನ್ನು ಇಬ್ಬರು ಆಡಿ ನೋಡಿ, ಪರೀಕ್ಷೆಯ ಹಾಳೆಯ ಎರಡೂ ಚೌಕಗಳಲ್ಲಿ ತಂತಮ್ಮ ಹೆಸರಿನ ಮೊಹರು ಒತ್ತಬೇಕು. ಅದು ಪದ್ಧತಿ. ಕುರಾಮೋಚಿ ಎರಡು ಕೈಯಲ್ಲಿ ಎರಡು ಬಂದೂಕು ಹಿಡಿದು ಒಬ್ಬನೇ ಆಡಿದ. ಇಬುಕಿ ಡ್ರಾಯರ್‌ನಲ್ಲೇ ಮರೆತುಹೋಗಿದ್ದ ಮೊಹರನ್ನು ಎರಡನೇ ಚೌಕದಲ್ಲಿ ತಾನೇ ಒತ್ತಿದ. ಮಹಾನುಭಾವ ನಾಲ್ಕು ತಿಂಗಳು ಹೀಗೇ ನಡೆಸಿದ.

ಆಗಸ್ಟ್‌ನ ಒಂದು ಬೆಳಿಗ್ಗೆ ಕಂಪನಿಯ ಒಡತಿ ನಿಶಿವಾಕಿ ಬಂದು ಪಕ್ಕದಲ್ಲಿ ಕೂತರು.

"ಕೊಡಿ ಇಲ್ಲಿ ಒಂದು ಬಂದೂಕು. ನನ್ನ ಗಂಡ ಬದುಕಿದ್ದಾಗ ಅವರಿಗೇ ಗುರಿ ಇಟ್ಟಷ್ಟು ಅನುಭವ ಇದೆ ನಂಗೆ!"

ಐದೇ ನಿಮಿಷದಲ್ಲಿ ಅವರ ಹುಬ್ಬು ಗಂಟಿಕ್ಕಿತು. "ಏನ್ರೀ ಇದು, ನಾನು ಹೊಡೆದದ್ದು ತಾಗೋದೇ ಇಲ್ಲ?"

ಬಂದೂಕಿನ ಕುದುರೆ ಒತ್ತಿದಾಗ ಪರದೆ ಒಂದು ಕ್ಷಣ ಬೆಳ್ಳಗಾಗುತ್ತದೆ. ಬಂದೂಕು ಆ ಬೆಳಕನ್ನು ಕಂಡು ಗುರಿ ತಿಳಿಯುತ್ತದೆ. ಇಬ್ಬರೂ ಒಂದೇ ಕ್ಷಣಕ್ಕೆ ಒತ್ತಿದರೆ ಎರಡನೆಯವರ ಗುಂಡು ಮಾಯವಾಗುತ್ತಿತ್ತು. ಕುರಾಮೋಚಿಯ ಎಡಗೈ ಯಾವಾಗಲೂ ಬಲಗೈ ಆದ ಮೇಲೆಯೇ ಒತ್ತುತ್ತಿತ್ತು, ಹಾಗಾಗಿ ಈ ತಪ್ಪು ಒಮ್ಮೆಯೂ ಅವನ ಕಣ್ಣಿಗೆ ಬಿದ್ದಿರಲಿಲ್ಲ.

ನಿಶಿವಾಕಿ ಹಾಳೆಗಳನ್ನು ತಿರುವಿದರು. "ಇಬುಕಿ ಸಾನ್ ಏಪ್ರಿಲ್‌ನಲ್ಲೇ ಹೋದ್ರಲ್ಲ. ಜುಲೈ ಹಾಳೇಲಿ ಅವರ ಮೊಹರು ಹೇಗೆ ಬಂತು?"

ಅವನು ತಲೆ ತಗ್ಗಿಸಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವರು ಬೈಯಲಿಲ್ಲ, ಹಾಳೆಗಳನ್ನು ಮೆಲ್ಲಗೆ ಮಡಚಿಟ್ಟರು.

"ಮೂರು ಗಂಟೆಗೆ ನಾನು ಇದನ್ನ ಕೆಲಸ ಕೊಟ್ಟವರಿಗೆ ಒಪ್ಪಿಸಬೇಕು. ಸರಿಮಾಡಿ, ಯಾರನ್ನಾದ್ರೂ ಕೂರಿಸ್ಕೊಂಡು ಇಪ್ಪತ್ತು ನಿಮಿಷ ಆಡಿ. ನಿಜವಾದ ಮೊಹರು ಬೇಕು. ಇಲ್ಲಾಂದ್ರೆ ಇಬ್ಬರ ಆಟ ತೆಗೆದುಹಾಕೋಣ."

ಹನ್ನೊಂದೂವರೆಗೆಲ್ಲ ತಪ್ಪು ಸರಿಹೋಯಿತು. ಒಬ್ಬರ ಗುಂಡು ಕಣ್ಣುಮಿಟುಕುವಷ್ಟು ಕಾಯುವಂತೆ ಮಾಡಿದರೆ ಸಾಕಾಗಿತ್ತು. ಇನ್ನು ಉಳಿದದ್ದು, ನನ್ನ ಜೊತೆ ಸ್ವಲ್ಪ ಆಡ್ತೀರಾ ಎಂದು ಒಂದು ಮಾತು ಕೇಳುವುದು.

ಎದುರು ಮೇಜಿನ ಚಿತ್ರಗಾರನ ಬಳಿ ಹೋಗಿ ನಿಂತ. ಅವನು ತಲೆಯೆತ್ತಿದ. "ಏನಾದ್ರೂ ಬೇಕಿತ್ತಾ, ಕುರಾಮೋಚಿ ಸಾನ್?"

ಕುರಾಮೋಚಿ ಅವನ ಮೇಜಿನ ಮೇಲೆ ಕಣ್ಣಾಡಿಸಿದ.

"ಸ್ಟೇಪ್ಲರ್" ಎಂದ ಕುರಾಮೋಚಿ.

ಬೇಡದ ಸ್ಟೇಪ್ಲರ್ ಹಿಡಿದು ತನ್ನ ಜಾಗಕ್ಕೆ ಮರಳಿದ. ಸ್ವಲ್ಪ ಹೊತ್ತಿಗೆ ಚಿತ್ರಗಾರನೂ ಉಳಿದವರೂ ನಗುತ್ತಾ ಊಟಕ್ಕೆ ಹೊರಟರು. ಬರ್ತೀರಾ ಎಂದು ಯಾರೂ ಕೇಳಲಿಲ್ಲ; ಹಿಂದೆಲ್ಲ ಕೇಳಿ ಕೇಳಿ, ಇವನು ಬೇಡ ಬೇಡ ಎಂದು, ಅವರು ಬಿಟ್ಟಿದ್ದರು. ಇವನಿಗೆ ಅಳು ಬರುವ ಹಾಗಾಯಿತು.

ಎರಡು ಗಂಟೆಗೆ ಒಡತಿಯ ಮುಂದೆ ನಿಂತ.

"ಆಗಲ್ಲ. ಈ ಯಂತ್ರದಲ್ಲಿ ಇಬ್ಬರ ಆಟ ಸಾಧ್ಯವೇ ಇಲ್ಲ."

"ಬೇಜಾರು ಮಾಡ್ಕೋಬೇಡಿ" ಎಂದರು ನಿಶಿವಾಕಿ. "ಯಂತ್ರದ ಕೈಲಿ ಆಗದ್ದಕ್ಕೆ ನೀವೇನು ಮಾಡ್ತೀರಿ?"

ಅವನು ಬಗ್ಗಿ ನಮಸ್ಕರಿಸಿ ಬಂದು, ಆಟದ ಮೊದಲ ಪರದೆಯಿಂದ 'ಇಬ್ಬರು' ಎಂಬ ಸಾಲನ್ನು ಅಳಿಸಿದ. 'ಒಬ್ಬರು' ಎಂಬುದೊಂದೇ ಉಳಿಯಿತು. ಆರಿಸಲು ಬೇರೇನೂ ಇಲ್ಲದ ಮೇಲೆ ಕೇಳುವುದಾದರೂ ಯಾಕೆಂದು ಅದನ್ನೂ ಅಳಿಸಿದ.