ಹಿಂದೆ ಕೂತವನ ಸಂಬಳ

ಗಾಜಿನ ಅಂಗಡಿಯ ಮಾಲೀಕನಿಗೆ ಅದೇನು ಹೊಳೆಯಿತೋ, ಒಂದು ಹೊಸ ನಿಯಮ ಮಾಡಿದ. ಗಿರಾಕಿಗಳ ಮನೆಗೆ ಕಿಟಕಿ ಗಾಜು ಕೂರಿಸಲು ಹೋಗುವಾಗ ಬೈಕ್ ಓಡಿಸುವವನಿಗೆ ಪೆಟ್ರೋಲ್ ಖರ್ಚೂ ಉಂಟು, ದಾರಿಯಲ್ಲಿ ಕಳೆದ ಹೊತ್ತಿಗೆ ಸಂಬಳವೂ ಉಂಟು. ಹಿಂದೆ ಕೂತವನಿಗೆ ಎರಡೂ ಇಲ್ಲ. ತಲುಪಿ ಇಳಿದ ಮೇಲೇ ಅವನ ಕೆಲಸ ಶುರು.

ಓಡಿಸುತ್ತಿದ್ದವನು ಭಾಮೈದ, ಹಿಂದೆ ಕೂರುತ್ತಿದ್ದವನು ಅವನ ಅಕ್ಕನ ಗಂಡ. ಭಾಮೈದ 'ಭಾವ' ಅಂತ ಕೂಗಿ ಕೂಗಿ, ಅಂಗಡಿಗೆಲ್ಲ ಅವನು ಭಾವನೇ ಆಗಿಬಿಟ್ಟಿದ್ದ. ಅರ್ಧ ದಿನ ರಸ್ತೆಯಲ್ಲೇ ಹೋಗುತ್ತಿತ್ತು. ಅಂದರೆ ಅರ್ಧ ಸಂಬಳಕ್ಕೆ ಎಳ್ಳುನೀರು ಬಿಟ್ಟ ಹಾಗೆ. ಉಳಿದರ್ಧದಲ್ಲಿ ಮನೆ ಬಾಡಿಗೆ ಕಟ್ಟುವುದೋ, ಹೊಟ್ಟೆಗೆ ತಿನ್ನುವುದೋ?

"ನಾನೇನು ಗಾಳಿ ಸೇವನೆಗೆ ಹೋಗ್ತೀನಾ ಸಾರ್?" ಅಂತ ಭಾವ ಕೇಳಿದ.

"ಕೂತ್ಕೊಂಡು ಹೋಗೋದಕ್ಕೂ ಸಂಬಳ ಕೊಟ್ರೆ, ಬಸ್ಸಲ್ಲಿ ಕೂತೋರೆಲ್ಲ ನನ್ನ ಹತ್ರ ಬರ್ತಾರಪ್ಪ!"

ಭಾವ ಭಾಮೈದನ ಮುಖ ನೋಡಿದ. ಅವನು ಹೆಲ್ಮೆಟ್ಟಿನ ಪಟ್ಟಿ ಸರಿಮಾಡುತ್ತ ನಿಂತ. ಭಾವನಿಗೆ ಮೈಯೆಲ್ಲ ಉರಿಯಿತು. ಮಾಲೀಕನಿಗಿಂತ ಅವನ ಮೇಲೇ ಹೆಚ್ಚು ಸಿಟ್ಟು ಬಂತು.

ಮರುದಿನ ಭಾವ ಬೈಕ್ ಹತ್ತಿ ಕೂತ, ಕೈ ಎರಡೂ ತೊಡೆಯ ಮೇಲೆ. ಗಾಜು ಗೋಡೆಗೆ ಒರಗಿಕೊಂಡೇ ಇತ್ತು.

"ಗಾಜು ಹಿಡ್ಕೊಳ್ಳಯ್ಯ!" ಮಾಲೀಕ ಒಳಗಿಂದ ಕೂಗಿದ.

"ಹಿಡ್ಕೊಂಡ್ರೆ ಕೆಲಸ ಆಗುತ್ತೆ ಸಾರ್. ನಾನು ಸುಮ್ನೆ ಕೂತ್ಕೊಂಡು ಹೋಗೋನಲ್ವಾ?"

ಮಾಲೀಕ ಕೆಂಡಾಮಂಡಲವಾದ. "ಇಳಿ ಕೆಳಗೆ! ಇನ್ಮೇಲೆ ಈ ಕಡೆ ತಲೆ ಹಾಕ್ಬೇಡ." ಗೋಡೌನಿನಲ್ಲಿ ಸಾಮಾನು ಎತ್ತುವವನನ್ನು ಕರೆದು, ಹಿಂದೆ ಕೂರು ಅಂದ. ಭಾವ ಇಳಿದ. ಕೆಲಸ ಹೋಯ್ತಲ್ಲಪ್ಪಾ, ಮನೆಗೆ ಹೋಗಿ ಹೆಂಡತಿಗೆ ಏನಂತ ಹೇಳೋದು ಅಂದುಕೊಂಡ.

ಹೊಸಬ ಹತ್ತಿ ಕೂತ. ಗಾಜನ್ನು ಇಬ್ಬರ ನಡುವೆ ನಿಲ್ಲಿಸಿದರು. ಹಿಡಿತ ಸಿಗದೆ ಅವನ ಕೈ ಒಮ್ಮೆ ಅಲುಗಿತು, ಅಷ್ಟೇ. ಭಾಮೈದ ಗಾಜು ಇಳಿಸಿ ಅಂದ. ಬೈಕ್ ಆಫ್ ಮಾಡಿ, ಕೀಲಿ ತಂದು ಮಾಲೀಕನ ಮೇಜಿನ ಮೇಲಿಟ್ಟ.

"ಏನೋ ನಿಂದು?"

ಭಾಮೈದ ಕುತ್ತಿಗೆಯ ಹಿಂಭಾಗ ಮುಟ್ಟಿ ತೋರಿಸಿದ. "ಗಾಜಿನ ಅಂಚು ಇಲ್ಲಿಗೆ ಬರುತ್ತೆ ಸಾರ್. ನಾನು ಬ್ರೇಕ್ ಹಾಕಿದಾಗೆಲ್ಲ ಭಾವ ಅದನ್ನ ತಮ್ಮ ಎದೆ ಕಡೆಗೆ ಎಳ್ಕೋತಾರೆ. ನನಗೆ ಬರೋದು ಬರ್ತಿದೆಯಲ್ಲ ಅಂತ ನಿನ್ನೆ ಸುಮ್ನಿದ್ದೆ. ಅವರಿಗೆ ದಾರಿ ಸಂಬಳ ಇಲ್ಲ ಅಂದ್ರೆ, ನಾನು ಬೈಕ್ ಮುಟ್ಟಲ್ಲ."

ಗಿರಾಕಿಯ ಫೋನು ಆಗಲೇ ಎರಡು ಸಲ ಬಂದಿತ್ತು. ಮಾಲೀಕ ಯಾರ ಮುಖವನ್ನೂ ನೋಡದೆ, "ಇಬ್ಬರಿಗೂ ದಾರಿ ಸಂಬಳ ಬರೀಯಮ್ಮ" ಅಂತ ಲೆಕ್ಕದವಳಿಗೆ ಹೇಳಿದ.

ಭಾವ ಮತ್ತೆ ಹತ್ತಿ ಗಾಜು ಹಿಡಿದ. ಭಾಮೈದನ ಕುತ್ತಿಗೆ ಅವನ ಕಣ್ಣೆದುರಿಗೇ ಇತ್ತು. ಗಾಜನ್ನು ಇನ್ನೊಂದಿಷ್ಟು ತನ್ನ ಎದೆ ಕಡೆಗೆ ಎಳೆದುಕೊಂಡ.

"ಮೆಲ್ಲಗೆ ಓಡಿಸೋ," ಅಂದ.